ಊಟದ ಬೆನ್ನಿಗೇ ಚಹಾ: ಕಬ್ಬಿಣದ ಮಾತ್ರೆ, ಥೈರಾಯ್ಡ್ ಮಾತ್ರೆ ಮತ್ತು ನಿದ್ರೆಯ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಜಮಖಂಡಿಯ ಸೊಸೆ (ಬಾಗಲಕೋಟೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮದು ತುಂಬಿದ ಮನೆ, ಮತ್ತು ಮನೆಯ ಎಲ್ಲರಿಗೂ ಚಹಾ ಬೇಕೇ ಬೇಕು. ಬೆಳಗ್ಗೆ ಎದ್ದ ಕೂಡಲೇ ಒಂದು ಸಲ, ನಾಷ್ಟಾದ ಜೊತೆಗೆ ಒಂದು ಸಲ, ಮಧ್ಯಾಹ್ನ ರೊಟ್ಟಿ ಉಂಡು ಕೈ ತೊಳೆಯುವಷ್ಟರಲ್ಲಿ ಮತ್ತೊಂದು ಸಲ, ಸಂಜೆ ಯಾರಾದರೂ ಬಂದರೆ ಅವರ ನೆಪದಲ್ಲಿ ಇನ್ನೊಂದು ಸಲ ಒಲೆಯ ಮೇಲೆ ಪಾತ್ರೆ ಏರುತ್ತದೆ.

ಇತ್ತೀಚೆಗೆ ರಕ್ತ ತಪಾಸಣೆ ಮಾಡಿಸಿದಾಗ ನನ್ನ ಹಿಮೋಗ್ಲೋಬಿನ್ ಒಂಬತ್ತರ ಆಸುಪಾಸಿನಲ್ಲಿಯೇ ನಿಂತಿರುವುದು ಗೊತ್ತಾಯಿತು. ಕಬ್ಬಿಣದ ಮಾತ್ರೆಯನ್ನು ನಾನು ತಪ್ಪಿಸದೆ ನುಂಗುತ್ತಿದ್ದೇನೆ; ಮಧ್ಯಾಹ್ನದ ಊಟ ಮುಗಿದ ಮೇಲೆ ಮಾತ್ರೆ, ಅದರ ಹಿಂದೆಯೇ ಚಹಾ. ವೈದ್ಯರು "ಚಹಾ ಕಡಿಮೆ ಮಾಡಿರಿ" ಎಂದಷ್ಟೇ ಹೇಳಿದರು. ಏಕೆ ಎಂದು ಕೇಳೋಣವೆಂದರೆ ಹೊರಗೆ ಸರದಿ ಉದ್ದವಿತ್ತು. ಅತ್ತೆಯವರು ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಮೊದಲ ಚಹಾದ ಜೊತೆಗೇ ತೆಗೆದುಕೊಳ್ಳುತ್ತಾರೆ. ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಿದರೂ ಅವರ ವರದಿ ಸರಿಹೋಗುತ್ತಿಲ್ಲ. ನಾದಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಅವಳಿಗೆ ಚಹಾ ಕೊಡಬಹುದೋ ಬೇಡವೋ ಎಂಬ ವಾದ ಅಡುಗೆಮನೆಯಲ್ಲಿ ದಿನಾಲೂ ನಡೆಯುತ್ತದೆ. ನಮ್ಮ ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿದ್ದಾರೆ, ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿ ಪಾಳಿ ಇರುತ್ತದೆ. ನಸುಕಿನ ಮೂರು ಗಂಟೆಗೆ ಗಟ್ಟಿ ಕಾಫಿ ಕುಡಿದು ಬೆಳಗ್ಗೆ ಮನೆಗೆ ಬಂದು ಮಲಗಿದರೆ ಕಣ್ಣು ಹತ್ತುವುದಿಲ್ಲ ಎನ್ನುತ್ತಾರೆ.

ನನಗೆ ಬೇಕಾದುದು ಇಷ್ಟು: ಚಹಾ ಮತ್ತು ಕಾಫಿಯಲ್ಲಿ ಇರುವ ಯಾವ ವಸ್ತು ದೇಹದಲ್ಲಿ ಏನು ಮಾಡುತ್ತದೆ? ಬಿಟ್ಟೇಬಿಡಬೇಕೋ, ಅಥವಾ ಕುಡಿಯುವ ಹೊತ್ತನ್ನು ಬದಲಾಯಿಸಿದರೆ ಸಾಕೋ? ಬೆಲ್ಲದ ಚಹಾ ಕುಡಿದರೆ ರಕ್ತ ಹೆಚ್ಚುತ್ತದೆ ಎಂದು ಅತ್ತೆಯವರು ಹೇಳುತ್ತಾರೆ, ಅದು ನಿಜವೇ?

ಉತ್ತರ 1: ಔಷಧದಂಗಡಿಯವ (ವಿಜಯಪುರ)

ಅಕ್ಕಾವರೇ, ನಿಮ್ಮ ಮನೆಯ ಎರಡು ಮಾತ್ರೆಗಳ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅಂಗಡಿಯ ಕಟ್ಟೆಯ ಮೇಲೆ ನನಗೆ ದಿನವೂ ಎದುರಾಗುವ ವಿಷಯ ಇದೇ. ಚಹಾವನ್ನು ಬಿಡಬೇಕಾಗಿಲ್ಲ. ಆದರೆ ಹೊಟ್ಟೆಯಲ್ಲಿ ಅದು ಯಾವುದರ ಜೊತೆಗೆ ಬೆರೆಯುತ್ತದೆ ಎಂಬುದನ್ನು ನೋಡಲೇಬೇಕು.

ಚಹಾದಲ್ಲಿ ನಾಲಿಗೆಗೆ ಒಗರು ತರುವ ಪಾಲಿಫಿನಾಲ್ ಎಂಬ ವಸ್ತುಗಳಿವೆ, ರೂಢಿಯಲ್ಲಿ ಇವನ್ನು ಟ್ಯಾನಿನ್ ಎನ್ನುತ್ತಾರೆ. ಸೊಪ್ಪು, ಬೇಳೆ, ಜೋಳ, ಸಜ್ಜೆಯಂಥ ಸಸ್ಯಮೂಲದ ಆಹಾರದಲ್ಲಿರುವ ಕಬ್ಬಿಣವನ್ನೂ ಮಾತ್ರೆಯಲ್ಲಿರುವ ಕಬ್ಬಿಣವನ್ನೂ ಇವು ಕರುಳಿನಲ್ಲಿಯೇ ಹಿಡಿದುಕೊಂಡು ಕರಗದ ಸಂಯುಕ್ತವನ್ನಾಗಿ ಮಾಡುತ್ತವೆ. ಹೀಗೆ ಸಿಕ್ಕಿಬಿದ್ದ ಕಬ್ಬಿಣ ರಕ್ತಕ್ಕೆ ಸೇರದೆ ಮಲದಲ್ಲಿ ಹೊರಟುಹೋಗುತ್ತದೆ. ಕಾಫಿಯ ಕ್ಲೋರೊಜೆನಿಕ್ ಆಮ್ಲವೂ ಇದೇ ಕೆಲಸ ಮಾಡುತ್ತದೆ, ಆದರೆ ಸ್ವಲ್ಪ ಕಡಿಮೆ. ಅಮೆರಿಕದಲ್ಲಿ ನಡೆದು 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಊಟದ ಜೊತೆಗೆ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ಶೇ. 39ರಷ್ಟೂ ಚಹಾ ಕುಡಿದಾಗ ಶೇ. 64ರಷ್ಟೂ ಕುಸಿದಿತ್ತು. ಅದೇ ಅಧ್ಯಯನದ ಇನ್ನೊಂದು ಅಂಶವನ್ನು ಜನ ಗಮನಿಸುವುದೇ ಇಲ್ಲ: ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಏನೂ ಅಡ್ಡಿ ಮಾಡಲಿಲ್ಲ, ಆದರೆ ಊಟವಾಗಿ ಒಂದು ಗಂಟೆಯ ನಂತರ ಕುಡಿದ ಕಾಫಿ ಜೊತೆಗೆ ಕುಡಿದಷ್ಟೇ ಅಡ್ಡಿ ಮಾಡಿತು, ಏಕೆಂದರೆ ಉಂಡ ಅನ್ನ ಆಗಿನ್ನೂ ಹೊಟ್ಟೆಯಲ್ಲಿಯೇ ಇರುತ್ತದೆ. ಚಹಾದ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಮಾತ್ರ, ಒಂದು ಗಂಟೆ ತಡೆದು ಕುಡಿದರೆ ಅಡ್ಡಿ ಸಾಕಷ್ಟು ತಗ್ಗಿದ್ದು ಕಂಡುಬಂದಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ಊಟದ ಹಿಂದೆ ಮುಂದೆ ಕನಿಷ್ಠ ಒಂದೊಂದು ಗಂಟೆ ಚಹಾ, ಕಾಫಿ ಬೇಡ ಎನ್ನುತ್ತದೆ. ಹಿಮೋಗ್ಲೋಬಿನ್ ಕಡಿಮೆ ಇರುವವರಿಗೆ ನಾನು ಊಟದ ನಂತರ ಎರಡು ಗಂಟೆ ತಡೆಯಿರಿ ಎಂದೇ ಹೇಳುತ್ತೇನೆ.

ಹಾಗಾದರೆ ಮಾತ್ರೆಯನ್ನು ಯಾವುದರ ಜೊತೆಗೆ ತೆಗೆದುಕೊಳ್ಳಬೇಕು? ಲಿಂಬೆಹಣ್ಣಿನ ಪಾನಕದ ಜೊತೆಗೆ ತೆಗೆದುಕೊಳ್ಳಿರಿ. ವಿಟಮಿನ್ ಸಿ ಕಬ್ಬಿಣವನ್ನು ಕರಗುವ ರೂಪದಲ್ಲಿ ಉಳಿಸುತ್ತದೆ, ಮತ್ತು ನಮ್ಮ ಇಂಡಿ ತಾಲ್ಲೂಕಿನ ಲಿಂಬೆಯನ್ನು ಇಡೀ ನಾಡಿಗೆ ಕಳಿಸುವ ಸೀಮೆಯಲ್ಲಿ ಕುಳಿತು ನಾವು ಅದಕ್ಕಾಗಿ ಬೇರೆ ಡಬ್ಬಿ ಕೊಳ್ಳುವ ಅಗತ್ಯವಿಲ್ಲ. ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿಯ ಮೇಲೆ ಲಿಂಬೆ ಹಿಂಡಿಕೊಂಡರೆ ಜೋಳದಲ್ಲಿರುವ ಕಬ್ಬಿಣಕ್ಕೂ ನೆರವಾಗುತ್ತದೆ. ಮಾತ್ರೆಯನ್ನು ಹಾಲು, ಮಜ್ಜಿಗೆ ಅಥವಾ ಕ್ಯಾಲ್ಸಿಯಂ ಗುಳಿಗೆಯ ಜೊತೆಗೆ ನುಂಗಲೇಬೇಡಿರಿ, ಏಕೆಂದರೆ ಕ್ಯಾಲ್ಸಿಯಂ ಕೂಡ ಕಬ್ಬಿಣದ ಹೀರಿಕೆಗೆ ಅಡ್ಡ ಬರುತ್ತದೆ.

ನಿಮ್ಮ ಅತ್ತೆಯವರ ಮಾತ್ರೆ ಥೈರಾಕ್ಸಿನ್ ಇರಬೇಕು. ಅದು ಬಹಳ ನಾಜೂಕಿನ ಔಷಧ. ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುವುದರಿಂದ ಹೀರಿಕೆಯಲ್ಲಿ ಸ್ವಲ್ಪ ಏರುಪೇರಾದರೂ ವರದಿಯಲ್ಲಿ ಕಾಣುತ್ತದೆ. ಮಾತ್ರೆಯನ್ನು ಕಾಫಿಯ ಜೊತೆಗೆ ನುಂಗುವ ರೋಗಿಗಳಲ್ಲಿ ಔಷಧ ಸರಿಯಾಗಿ ಹೀರಿಕೆಯಾಗದಿರುವುದನ್ನು ಇಟಲಿಯ ವೈದ್ಯರು 2008ರಲ್ಲಿ ವರದಿ ಮಾಡಿದ್ದರು. ಅತ್ತೆಯವರು ಎದ್ದ ತಕ್ಷಣ ಬರಿ ಹೊಟ್ಟೆಯಲ್ಲಿ, ಬರಿ ನೀರಿನೊಂದಿಗೆ ಮಾತ್ರೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಚಹಾ ಕುಡಿಯಲಿ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಗುಳಿಗೆಯೂ ಇದ್ದರೆ ಅದಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆಯ ಅಂತರವಿರಬೇಕು. ಒಂದು ಮುಖ್ಯ ಮಾತು: ಈಗಿನ ಪ್ರಮಾಣವನ್ನು ಚಹಾದ ಜೊತೆ ನುಂಗುವ ಲೆಕ್ಕದಲ್ಲಿಯೇ ಏರಿಸಿರಬಹುದು. ಹೊತ್ತನ್ನು ಸರಿಪಡಿಸಿದ ಮೇಲೆ ಅದೇ ಪ್ರಮಾಣ ಹೆಚ್ಚಾಗುವ ಸಂಭವವಿದೆ, ಆದ್ದರಿಂದ ಬದಲಾಯಿಸುವ ಸಂಗತಿಯನ್ನು ವೈದ್ಯರಿಗೆ ತಿಳಿಸಿ, ಆರೆಂಟು ವಾರಗಳಲ್ಲಿ ಟಿ.ಎಸ್.ಎಚ್. ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿರಿ.

ಇನ್ನೆರಡು ಔಷಧಗಳ ಹೆಸರನ್ನೂ ಇಲ್ಲಿ ಹೇಳಿಬಿಡುತ್ತೇನೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ರಾಸಾಯನಿಕವಾಗಿ ಕೆಫೀನಿನ ಹತ್ತಿರದ ಸಂಬಂಧಿ, ಚಹಾ ಎಲೆಯಲ್ಲಿಯೇ 1888ರಲ್ಲಿ ಮೊದಲು ಸಿಕ್ಕಿದ್ದು. ಆ ಔಷಧದ ಮೇಲೆ ಕಾಫಿ ಹೆಚ್ಚು ಕುಡಿದರೆ ಕೈ ನಡುಕ, ಎದೆ ಬಡಿತ ಏರುತ್ತವೆ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಕೆಫೀನನ್ನು ಒಡೆಯುವ ಕಿಣ್ವಕ್ಕೇ ತಡೆ ಹಾಕುತ್ತದೆ. ಅದನ್ನು ತೆಗೆದುಕೊಳ್ಳುವ ದಿನಗಳಲ್ಲಿ ಎಂದಿನ ಚಹಾವೇ ನಿದ್ದೆ ಕೆಡಿಸಬಹುದು.

ಉತ್ತರ 2: ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ (ಬೆಳಗಾವಿ)

ತಂಗಿ, ಔಷಧದಂಗಡಿಯವರು ಹೇಳಿದ್ದು ಕಣ್ಣಿಗೆ ಕಾಣಬೇಕೆಂದರೆ ಒಂದು ಸಣ್ಣ ಪ್ರಯೋಗ ಮಾಡಿ ನೋಡು. ಹಾಲು ಸಕ್ಕರೆ ಹಾಕದ ಗಟ್ಟಿ ಚಹಾವನ್ನು ಗಾಜಿನ ಲೋಟಕ್ಕೆ ಸೋಸಿಕೊಂಡು, ಅದರಲ್ಲಿ ತುಕ್ಕು ಹಿಡಿದ ಒಂದು ಮೊಳೆಯನ್ನು ಹಾಕಿ ರಾತ್ರಿ ಇಡು. ಬೆಳಗ್ಗೆ ಹೊತ್ತಿಗೆ ಕೆಂಪು ನೀರು ಕಪ್ಪಾಗಿರುತ್ತದೆ, ಮೊಳೆಯ ಸುತ್ತ ಮಸಿಯಂಥ ಗಸಿ ಕುಳಿತಿರುತ್ತದೆ. ಅದು ನಿಜಕ್ಕೂ ಮಸಿಯೇ. ಅಳಲೆಕಾಯಿಯ ಒಗರು ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅಲ್ಲಿ ನಡೆಯುವುದೂ ಟ್ಯಾನಿನ್ ಮತ್ತು ಕಬ್ಬಿಣದ ಇದೇ ಕೂಡಿಕೆ. ಊಟದ ಬೆನ್ನಿಗೇ ಚಹಾ ಹೋದರೆ ಇದರದೇ ಒಂದು ಬಗೆ ಕರುಳಿನಲ್ಲಿ ನಡೆಯುತ್ತದೆ. ಆ ಲೋಟವನ್ನು ಚೆಲ್ಲಿಬಿಡು, ಯಾರೂ ಕುಡಿಯದ ಹಾಗೆ ನೋಡಿಕೊ.

ನಮ್ಮ ಕಡೆ ಚಹಾ ಕುದಿಸುವ ರೀತಿಯನ್ನೂ ಸ್ವಲ್ಪ ಗಮನಿಸಬೇಕು. ನಾವು ಬಳಸುವುದು ಬಹುಪಾಲು ಸಿಟಿಸಿ ಪುಡಿ, ಅಂದರೆ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂದ ಯಂತ್ರದಿಂದ ಎಲೆಯನ್ನು ಜಜ್ಜಿ, ಹರಿದು, ಉಂಡೆಗಟ್ಟಿಸಿದ ಕಾಳು. ಇಂಥ ಕಾಳಿನಿಂದ ಕೆಫೀನಿನ ಹೆಚ್ಚಿನ ಭಾಗ ಕುದಿನೀರಿಗೆ ಬಿದ್ದ ಮೊದಲ ಕೆಲವು ನಿಮಿಷಗಳಲ್ಲಿಯೇ ಇಳಿದುಬಿಡುತ್ತದೆ. ಆ ಮೇಲೂ ಕುದಿಸುತ್ತ ಹೋದರೆ ಹೆಚ್ಚುವುದು ಹುರುಪಿಗಿಂತ ಒಗರು. ಹಳೆಯ ಚರಟದ ಮೇಲೆಯೇ ಹೊಸ ನೀರು ಸುರಿದು ಮತ್ತೆ ಕಾಯಿಸುವ ರೂಢಿ ಹಲವು ಮನೆಗಳಲ್ಲಿದೆ. ಅಂಥ ಚಹಾದಲ್ಲಿ ಕೆಫೀನ್ ಸ್ವಲ್ಪವೇ, ಟ್ಯಾನಿನ್ ಮಾತ್ರ ಸಾಕಷ್ಟು. ರಕ್ತಹೀನತೆ ಇರುವವರಿಗೆ ಇದಕ್ಕಿಂತ ಕೆಟ್ಟ ವ್ಯಾಪಾರ ಬೇರೊಂದಿಲ್ಲ.

ಹಾಲು ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಹಾಲಿನ ಕೇಸೀನ್ ಎಂಬ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಳ್ಳುವುದರಿಂದಲೇ ಹಾಲಿನ ಚಹಾ ನಾಲಿಗೆಗೆ ಮೃದುವಾಗಿರುತ್ತದೆ ಎಂಬುದು ನಿಜ. ಆದರೆ ನಾಲಿಗೆಗೆ ಮೃದುವಾದದ್ದು ಕಬ್ಬಿಣಕ್ಕೂ ಮೃದುವಾಗಿರುತ್ತದೆ ಎಂದು ನಂಬಲು ಆಧಾರ ಸಾಲದು, ಮೇಲಾಗಿ ಹಾಲಿನಲ್ಲಿ ಕ್ಯಾಲ್ಸಿಯಂ ಇದೆ.

ಇನ್ನು ಕೆಫೀನ್. ಜರ್ಮನಿಯ ಫ್ರೀಡ್‌ಲೀಬ್ ರುಂಗೆ 1819ರಲ್ಲಿ ಇದನ್ನು ಕಾಫಿ ಬೀಜದಿಂದ ಬೇರ್ಪಡಿಸಿದರು. 1827ರಲ್ಲಿ ಚಹಾದಿಂದ ಸಿಕ್ಕ ವಸ್ತುವನ್ನು ಬೇರೆಯೆಂದು ಭಾವಿಸಿ ಥೀನ್ ಎಂದು ಕರೆದರು, ಕೆಲವು ವರ್ಷಗಳಲ್ಲಿ ಎರಡೂ ಒಂದೇ ಎಂದು ತಿಳಿಯಿತು. ನಾವು ಎಚ್ಚರವಾಗಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತ ಹೋಗುತ್ತದೆ. ಅದು ನರಕೋಶಗಳ ಮೇಲಿನ ಗ್ರಾಹಕಗಳಲ್ಲಿ ಕುಳಿತಾಗ ದಣಿವು, ಜೊಂಪು ಬರುತ್ತವೆ. ಕೆಫೀನಿನ ಆಕಾರ ಅಡೆನೊಸಿನ್ನನ್ನು ಹೋಲುವುದರಿಂದ, ಜಾತ್ರೆಯ ಕಾಲದಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ ಅದು ಆ ಜಾಗವನ್ನು ಹಿಡಿದಿಡುತ್ತದೆ. ತಾನು ಅಲ್ಲಿ ಮಾಡುವ ಕೆಲಸವೇನೂ ಇಲ್ಲ, ಆದರೆ ಅಡೆನೊಸಿನ್ನಿಗೆ ಕೂಡ್ರಲು ಜಾಗವಿಲ್ಲ. ಆದ್ದರಿಂದ ಕಾಫಿ ದಣಿವನ್ನು ಕಳೆಯುವುದಿಲ್ಲ, ದಣಿವಿನ ಸುದ್ದಿಯನ್ನು ತಡೆಯುತ್ತದೆ. ಕೆಫೀನ್ ಇಳಿದ ಮೇಲೆ ಕಾದು ನಿಂತಿದ್ದ ಅಡೆನೊಸಿನ್ ಒಟ್ಟಿಗೆ ಒಳನುಗ್ಗುತ್ತದೆ, ಆಗ ಕೈಕಾಲು ಸೋತಂತಾಗುತ್ತದೆ.

ಒಣ ತೂಕದಲ್ಲಿ ನೋಡಿದರೆ ಚಹಾ ಎಲೆಯಲ್ಲಿ ಸುಮಾರು ಶೇ. 3ರಷ್ಟು ಕೆಫೀನ್ ಇರುತ್ತದೆ. ಕಾಫಿ ಬೀಜದ ಅರೇಬಿಕಾ ತಳಿಯಲ್ಲಿ ಶೇ. 1.2ರಷ್ಟು, ರೋಬಸ್ಟಾದಲ್ಲಿ ಅದರ ಸುಮಾರು ಎರಡು ಪಟ್ಟು. ಹಾಗಿದ್ದೂ ಲೋಟದ ಲೆಕ್ಕದಲ್ಲಿ ಕಾಫಿಯೇ ಮುಂದಿರುವುದು ಏಕೆಂದರೆ ಒಂದು ಲೋಟಕ್ಕೆ ನಾವು ಬಳಸುವ ಕಾಫಿಪುಡಿಯ ತೂಕ ಚಹಾಪುಡಿಯ ತೂಕಕ್ಕಿಂತ ಬಹಳ ಹೆಚ್ಚು. ಮೇಲೆ ಹೇಳಿದ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಲೋಟದಲ್ಲಿ ಸೋಸಿದ ಕಾಫಿಯಾದರೆ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಾದರೆ 50ರಿಂದ 65, ಚಹಾವಾದರೆ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನದ ಮಿತಿ 300 ಮಿಲಿಗ್ರಾಂ. ನಮ್ಮ ಅಂಗಡಿಗಳ ಚಹಾದ ಗ್ಲಾಸು ಆ 150 ಮಿಲಿಲೀಟರಿನ ಅರ್ಧದಷ್ಟೂ ಇರುವುದಿಲ್ಲವಾದ್ದರಿಂದ ನಾಲ್ಕು ಚಹಾಕ್ಕೇ ಮಿತಿ ಮೀರಿತೆಂದು ಯಾರೂ ಗಾಬರಿಯಾಗಬೇಕಿಲ್ಲ. ಕಾಫಿಪುಡಿಯಲ್ಲಿ ಚಿಕೋರಿ ಬೆರೆತಿದ್ದರೆ ಕೆಫೀನ್ ಅಷ್ಟರಮಟ್ಟಿಗೆ ಇಳಿಯುತ್ತದೆ, ಏಕೆಂದರೆ ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನೇ ಇಲ್ಲ. ಬೆರಕೆ ಪುಡಿಯಲ್ಲಿ ಕನಿಷ್ಠ ಶೇ. 51ರಷ್ಟು ಕಾಫಿ ಇರಲೇಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ. ಪೊಟ್ಟಣದ ಮೇಲೆ ಆ ಪ್ರಮಾಣವನ್ನು ಮುದ್ರಿಸಿರುತ್ತಾರೆ, ಓದಿ ನೋಡಬಹುದು.

ಚಹಾದಲ್ಲಿ ಮಾತ್ರ ಎಲ್-ಥಿಯನೈನ್ ಎಂಬ ಅಮೈನೋ ಆಮ್ಲವಿದೆ, ಕಾಫಿಯಲ್ಲಿಲ್ಲ. 1949ರಲ್ಲಿ ಜಪಾನಿನಲ್ಲಿ ಹಸಿರು ಚಹಾದಿಂದ ಇದನ್ನು ಬೇರ್ಪಡಿಸಿದರು. ಕೆಫೀನಿನ ಜೊತೆಗೆ ಇದನ್ನು ಕೊಟ್ಟಾಗ ಗಮನ ಹೆಚ್ಚುವುದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಅಲ್ಲಿ ಬಳಸುವ ಪ್ರಮಾಣ ಒಂದು ಲೋಟ ಚಹಾದಲ್ಲಿ ಸಿಗುವುದಕ್ಕಿಂತ ಬಹಳ ಹೆಚ್ಚು, ಹಾಗಾಗಿ ಜಾಹೀರಾತಿನ ಮಾತನ್ನು ಅರ್ಧಕ್ಕೆ ಇಳಿಸಿಯೇ ಕೇಳಬೇಕು.

ಬೆಲ್ಲದ ಮಾತು. ಬೆಲ್ಲದಲ್ಲಿ ಕಬ್ಬಿಣದ ಅಂಶ ಇದೆ, ಇಲ್ಲವೆನ್ನಲಾರೆ. ಆದರೆ ಒಂದು ಲೋಟಕ್ಕೆ ಬೀಳುವ ಬೆಲ್ಲದ ತುಣುಕಿನಲ್ಲಿ ಅದು ಎಷ್ಟಿದ್ದೀತು? ಇದ್ದದ್ದೂ ಟ್ಯಾನಿನ್ ತುಂಬಿದ ನೀರಿನಲ್ಲಿಯೇ ಕರಗುತ್ತದೆ. ಮಹಾಲಿಂಗಪುರದ ಬೆಲ್ಲದ ರುಚಿಗಾಗಿ ಕುಡಿಯಿರಿ, ರಕ್ತಕ್ಕಾಗಿ ಅಲ್ಲ. ಮಧುಮೇಹ ಇರುವವರಿಗಂತೂ ಅದು ಸಕ್ಕರೆಯ ತಮ್ಮ.

ಪ್ರತಿಕ್ರಿಯೆ: ಅಥಣಿಯ ರೈತ

ಎಲ್ಲರೂ ಕಬ್ಬಿಣದ ಬಗ್ಗೆಯೇ ಹೇಳುತ್ತಿರುವುದರಿಂದ ಗಂಡಸರ ಕಡೆಯಿಂದ ಮೂರು ಪ್ರಶ್ನೆಗಳನ್ನು ಕೇಳುತ್ತೇನೆ. ಮೊದಲನೆಯದು, ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವಾಗ ಚಹಾ ಕುಡಿದರೆ ಮೈಯೊಳಗಿನ ನೀರೆಲ್ಲ ಮೂತ್ರವಾಗಿ ಹೋಗುತ್ತದೆ ಎಂದು ಹೇಳುತ್ತಾರೆ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಇದು ಸಣ್ಣ ಮಾತಲ್ಲ. ಎರಡನೆಯದು, ಏಕಾದಶಿ ಮತ್ತು ಶ್ರಾವಣದ ಸೋಮವಾರದ ಉಪವಾಸದಲ್ಲಿ ನಾನು ಚಹಾವನ್ನೂ ಬಿಡುತ್ತೇನೆ, ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ. ಹಸಿವಿನಿಂದಲೇ ಹೀಗಾಗುತ್ತದೆ ಎಂದು ಮನೆಯವರು ಹೇಳುತ್ತಾರೆ, ನನಗೆ ಹಾಗೆ ಅನ್ನಿಸುವುದಿಲ್ಲ, ಏಕೆಂದರೆ ಚಹಾ ಕುಡಿದು ಮಾಡುವ ಉಪವಾಸದಲ್ಲಿ ತಲೆ ನೋಯುವುದಿಲ್ಲ. ಮೂರನೆಯದು, ಬರಿ ಹೊಟ್ಟೆಯಲ್ಲಿ ಕುಡಿದರೆ ಎದೆಯುರಿ ಬರುತ್ತದೆ, ಇದು ಚಹಾದಿಂದಲೋ ಅದಕ್ಕೆ ಹಾಕುವ ಹಸಿಶುಂಠಿಯಿಂದಲೋ?

ಉತ್ತರ 3: ವೈದ್ಯೆ (ಮುಧೋಳ)

ಮೊದಲು ಅಥಣಿಯ ಅಣ್ಣಾವರಿಗೆ. ಕೆಫೀನ್ ಮೂತ್ರವನ್ನು ಸ್ವಲ್ಪ ಹೆಚ್ಚಿಸುವುದು ನಿಜ, ಆದರೆ ದಿನವೂ ಕುಡಿಯುವವರ ಮೂತ್ರಪಿಂಡಗಳು ಅದಕ್ಕೆ ಹೊಂದಿಕೊಂಡಿರುತ್ತವೆ, ಮತ್ತು ಒಂದು ಲೋಟ ಚಹಾದಲ್ಲಿ ಇರುವುದು ಬಹುಪಾಲು ನೀರೇ ಆದ್ದರಿಂದ ಒಟ್ಟು ಲೆಕ್ಕದಲ್ಲಿ ದೇಹಕ್ಕೆ ನೀರು ಸೇರುತ್ತದೆಯೇ ಹೊರತು ಕಳೆಯುವುದಿಲ್ಲ. ಹಾಗೆಂದು ಹೊಲದಲ್ಲಿ ಬೆವರು ಸುರಿಸಿದವರಿಗೆ ಚಹಾದ ಸಣ್ಣ ಗ್ಲಾಸು ಸಾಲುವುದಿಲ್ಲ. ಉಪ್ಪು ಹಾಕಿದ ಮಜ್ಜಿಗೆ, ನೀರು ಬೇಕು.

ತಲೆನೋವಿನ ವಿಷಯದಲ್ಲಿ ನಿಮ್ಮ ಊಹೆ ಸರಿಯಾಗಿದೆ. ಕೆಫೀನ್ ಮಿದುಳಿನ ರಕ್ತನಾಳಗಳನ್ನು ಸ್ವಲ್ಪ ಬಿಗಿಯಾಗಿಡುತ್ತದೆ, ಅದು ನಿಂತಾಗ ನಾಳಗಳು ಹಿಗ್ಗುತ್ತವೆ. ಕೊನೆಯ ಚಹಾ ಕುಡಿದು 12ರಿಂದ 24 ಗಂಟೆಗಳಲ್ಲಿ ತಲೆನೋವು ಶುರುವಾಗಿ, ಒಂದೆರಡು ದಿನಗಳಲ್ಲಿ ತೀವ್ರವಾಗಿ, ಕೆಲವರಲ್ಲಿ ವಾರದವರೆಗೂ ಎಳೆಯುತ್ತದೆ. ಉಪವಾಸದ ಹಿಂದಿನ ಮೂರ್ನಾಲ್ಕು ದಿನ ಚಹಾವನ್ನು ಹಂತ ಹಂತವಾಗಿ ಇಳಿಸಿದರೆ ಇದು ಬಹಳಷ್ಟು ಕಡಿಮೆಯಾಗುತ್ತದೆ. ರಮಜಾನ್ ಉಪವಾಸ ಮಾಡುವ ನನ್ನ ರೋಗಿಗಳಿಗೂ ತಿಂಗಳು ಶುರುವಾಗುವ ಮೊದಲೇ ಇದನ್ನೇ ಹೇಳುತ್ತೇನೆ.

ಎದೆಯುರಿಗೆ ಶುಂಠಿಯೊಂದನ್ನೇ ದೂಷಿಸಬೇಡಿರಿ. ಕಾಫಿ, ಚಹಾ ಎರಡೂ ಜಠರದ ಆಮ್ಲವನ್ನು ಹೆಚ್ಚಿಸುತ್ತವೆ, ಮೇಲಾಗಿ ಕೆಫೀನ್ ಅನ್ನನಾಳದ ಕೆಳತುದಿಯ ಬಿಗಿತವನ್ನು ಸಡಿಲಿಸುವುದರಿಂದ ಆಮ್ಲ ಮೇಲೆ ಬರುತ್ತದೆ. ಚಹಾಕ್ಕೆ ಮೊದಲು ಒಂದು ಲೋಟ ನೀರು, ಎರಡು ತುತ್ತು ಏನಾದರೂ ತಿನ್ನುವುದು ಬಹಳ ಜನರಿಗೆ ಸಾಕಾಗುತ್ತದೆ. ಕುದಿಕುದಿ ಚಹಾವನ್ನು ಹಾಗೆಯೇ ಗುಟುಕರಿಸುವ ಚಟ ಮಾತ್ರ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2016ರಲ್ಲಿ ಕಾಫಿಯನ್ನು ಅನುಮಾನದ ಪಟ್ಟಿಯಿಂದ ತೆಗೆಯಿತು, ಆದರೆ 65 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾದ ಯಾವುದೇ ಪಾನೀಯವು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದು ಎಂದಿತು. ಬಸಿಯಲ್ಲಿ ಸುರಿದು ಆರಿಸಿ ಕುಡಿಯುವ ನಮ್ಮ ಹಿರಿಯರನ್ನು ನಗಬೇಕಾಗಿಲ್ಲ.

ರಕ್ತದೊತ್ತಡ ಇರುವವರು ಒಂದು ಮಾತು ನೆನಪಿಡಬೇಕು. ರೂಢಿಯಿಲ್ಲದವರು ಎರಡು ಮೂರು ಲೋಟ ಕಾಫಿಯಷ್ಟು ಕೆಫೀನ್ ತೆಗೆದುಕೊಂಡರೆ ಒತ್ತಡ ಕೆಲವು ಗಂಟೆ ಐದರಿಂದ ಹತ್ತು ಅಂಕಿಯಷ್ಟು ಏರಬಹುದು. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ನೇರವಾಗಿ ಬಂದು ಬಿ.ಪಿ. ತೋರಿಸಬೇಡಿರಿ, ಅರ್ಧ ಗಂಟೆಯಾದರೂ ತಡೆಯಿರಿ.

ಈಗ ಜಮಖಂಡಿಯ ತಂಗಿಯ ಯಜಮಾನರ ನಿದ್ರೆ. ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸರಾಸರಿ ಐದು ಗಂಟೆ ಬೇಕು. ನಸುಕಿನ ಮೂರಕ್ಕೆ ಕುಡಿದ ಗಟ್ಟಿ ಕಾಫಿಯ ಅರ್ಧ ಅವರು ಎಂಟು ಗಂಟೆಗೆ ಹಾಸಿಗೆಗೆ ಬರುವಾಗಲೂ ರಕ್ತದಲ್ಲಿಯೇ ಇರುತ್ತದೆ. ಮಲಗುವ ಆರು ಗಂಟೆ ಮೊದಲು ತೆಗೆದುಕೊಂಡ 400 ಮಿಲಿಗ್ರಾಂ ಕೆಫೀನ್ ನಿದ್ರೆಯಲ್ಲಿ ಒಂದು ಗಂಟೆಗಿಂತ ಹೆಚ್ಚನ್ನು ಕಸಿದುಕೊಂಡಿತೆಂದು 2013ರ ಒಂದು ಅಧ್ಯಯನ ತೋರಿಸಿದೆ, ಮತ್ತು ನಿದ್ರೆ ಕಡಿಮೆಯಾದದ್ದು ಅದರಲ್ಲಿ ಭಾಗವಹಿಸಿದವರ ಅರಿವಿಗೂ ಪೂರ್ತಿಯಾಗಿ ಬಂದಿರಲಿಲ್ಲ. ಯಜಮಾನರು ಕಾಫಿಯನ್ನು ಪಾಳಿಯ ಆರಂಭಕ್ಕೆ, ತಡವಾದರೂ ರಾತ್ರಿ ಹನ್ನೆರಡರ ಒಳಗೆ ಮುಗಿಸಲಿ. ನಸುಕಿನಲ್ಲಿ ಜೊಂಪು ಬಂದರೆ ಮುಖಕ್ಕೆ ನೀರು ಹಾಕಿಕೊಂಡು ಬೆಳಕಿರುವ ಕಡೆ ಸ್ವಲ್ಪ ಅಡ್ಡಾಡಲಿ. ಅವರು ಬೀಡಿ, ಸಿಗರೇಟು ಸೇದುವವರಾಗಿದ್ದರೆ ಇನ್ನೊಂದು ಸಂಗತಿ ಇದೆ: ಹೊಗೆಯಲ್ಲಿರುವ ವಸ್ತುಗಳು ಯಕೃತ್ತಿನ ಕಿಣ್ವವನ್ನು ಚುರುಕುಗೊಳಿಸುವುದರಿಂದ ಸೇದುವವರಲ್ಲಿ ಕೆಫೀನ್ ಬೇಗ ಒಡೆಯುತ್ತದೆ. ಸೇದುವುದನ್ನು ಬಿಟ್ಟ ಕೂಡಲೇ ಅಷ್ಟೇ ಕಾಫಿ ಮೊದಲಿಗಿಂತ ಹೆಚ್ಚು ಹೊತ್ತು ಉಳಿದು ಚಡಪಡಿಕೆ ತರುತ್ತದೆ, ಅದನ್ನು ಬೀಡಿ ಬಿಟ್ಟದ್ದರ ತೊಂದರೆಯೆಂದೇ ತಿಳಿದು ಕೆಲವರು ಮತ್ತೆ ಹಚ್ಚುತ್ತಾರೆ. ಬಿಡುವಾಗ ಕಾಫಿಯನ್ನೂ ಅರ್ಧಕ್ಕೆ ಇಳಿಸಬೇಕು.

ನಾದಿನಿಯ ವಿಷಯದಲ್ಲಿ ಅಡುಗೆಮನೆಯ ಎರಡೂ ಪಕ್ಷಗಳಿಗೆ ಅರ್ಧರ್ಧ ಗೆಲುವು. ಗರ್ಭಿಣಿಯರಲ್ಲಿ ಕೆಫೀನ್ ಬಹಳ ನಿಧಾನವಾಗಿ ಒಡೆಯುತ್ತದೆ. ಕೊನೆಯ ತಿಂಗಳುಗಳಲ್ಲಿ ಅರ್ಧಕ್ಕಿಳಿಯಲು ಹದಿನೈದು ಗಂಟೆಯವರೆಗೂ ಬೇಕಾಗಬಹುದು. ಅದು ಮಾಸುವನ್ನು ದಾಟಿ ಕೂಸಿಗೂ ಹೋಗುತ್ತದೆ, ಕೂಸಿನ ಬಳಿ ಅದನ್ನು ಒಡೆಯುವ ಕಿಣ್ವ ಇನ್ನೂ ತಯಾರಾಗಿರುವುದಿಲ್ಲ. ಹೆಚ್ಚು ಕೆಫೀನ್ ತೆಗೆದುಕೊಳ್ಳುವವರಲ್ಲಿ ಕಡಿಮೆ ತೂಕದ ಕೂಸು ಹುಟ್ಟುವ ಸಂಭವ ಹೆಚ್ಚೆಂದು ಕಂಡುಬಂದಿದೆ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಗರ್ಭಿಣಿಯರಿಗೆ ದಿನಕ್ಕೆ 200 ಮಿಲಿಗ್ರಾಂ ಮಿತಿಯೆಂದು ಹೇಳಿದೆ. ನಮ್ಮ ಅಳತೆಯ ಎರಡು ಮೂರು ಚಿಕ್ಕ ಚಹಾ ಇದರೊಳಗೇ ಬರುತ್ತವೆ, ಆದ್ದರಿಂದ ಪೂರ್ತಿ ನಿಷೇಧ ಬೇಡ. ಆದರೆ ಅವಳಿಗೂ ಸರ್ಕಾರದಿಂದ ಸಿಗುವ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ 180 ದಿನ ನಡೆಯುತ್ತಿರಬೇಕು. ಮಾತ್ರೆ ಮತ್ತು ಚಹಾ ಹತ್ತಿರ ಬರಬಾರದು ಎಂಬ ನಿಯಮ ನಿನಗಿಂತ ಅವಳಿಗೆ ಹೆಚ್ಚು ಬಿಗಿಯಾಗಿರಲಿ.

ನಿನ್ನ ಹಿಮೋಗ್ಲೋಬಿನ್ ಏರದಿರಲು ಚಹಾ ಒಂದೇ ಕಾರಣವೆಂದು ತೀರ್ಮಾನಿಸಬೇಡ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು, ಅವರೆಲ್ಲರ ಕಥೆ ಚಹಾದ್ದಲ್ಲ. ತಿಂಗಳ ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತದೆಯೇ, ಹೊಟ್ಟೆಯಲ್ಲಿ ಹುಳುವಿದೆಯೇ, ಬಿ-12 ಕಡಿಮೆಯೇ ಎಂಬುದನ್ನು ನೋಡಿಸಬೇಕು. ಚಹಾದ ಹೊತ್ತು ಬದಲಾಯಿಸಿ, ಮಾತ್ರೆ ತಪ್ಪಿಸದೆ ಒಂದು ತಿಂಗಳಾದ ಮೇಲೂ ಅಂಕಿ ಅಲ್ಲಿಯೇ ನಿಂತರೆ ಮತ್ತೆ ವೈದ್ಯರಲ್ಲಿಗೆ ಹೋಗಲೇಬೇಕು.

ಜಮಖಂಡಿಯ ಸೊಸೆ

ಎಲ್ಲರಿಗೂ ಧನ್ಯವಾದಗಳು. ಮಧ್ಯಾಹ್ನದ ಚಹಾವನ್ನು ನಾಲ್ಕು ಗಂಟೆಗೆ ಒಯ್ಯುವುದೆಂದು ನಿಶ್ಚಯಿಸಿದ್ದೇವೆ. ಅತ್ತೆಯವರ ಮಾತ್ರೆಯ ಡಬ್ಬಿಯನ್ನು ಅಡುಗೆಮನೆಯಿಂದ ತೆಗೆದು ಅವರ ಹಾಸಿಗೆಯ ಪಕ್ಕದ ಗೂಡಿನಲ್ಲಿ ನೀರಿನ ತಂಬಿಗೆಯೊಂದಿಗೆ ಇಟ್ಟಿದ್ದೇನೆ. ಎರಡು ಸಂಶಯಗಳು ಉಳಿದಿವೆ. ಚಹಾಕ್ಕೇ ಲಿಂಬೆ ಹಿಂಡಿ ಕುಡಿದರೆ ಊಟದ ಜೊತೆಗೂ ನಡೆಯುತ್ತದೆಯೇ? ಮತ್ತು ಹೆರಿಗೆಯಾದ ಮೇಲೆ ನಾದಿನಿಗೆ ಚಹಾದ ಮಿತಿ ಸಡಿಲಾಗುತ್ತದೆಯೇ?

ಔಷಧದಂಗಡಿಯವ (ವಿಜಯಪುರ)

ಲಿಂಬೆ ಹಿಂಡಿದರೆ ಅಡ್ಡಿ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಬಿಸಿ ಚಹಾದಲ್ಲಿ ವಿಟಮಿನ್ ಸಿ ಒಂದಿಷ್ಟು ಹಾಳಾಗುತ್ತದೆ ಕೂಡ. ಅದೇ ಲಿಂಬೆಯನ್ನು ಪಲ್ಯದ ಮೇಲೆ ಹಿಂಡಿ, ಚಹಾವನ್ನು ನಾಲ್ಕು ಗಂಟೆಗೇ ಇಟ್ಟುಕೊಳ್ಳುವುದು ಮೇಲು.

ವೈದ್ಯೆ (ಮುಧೋಳ)

ಬಾಣಂತಿಗೂ ಮಿತಿ ಅದೇ 200 ಮಿಲಿಗ್ರಾಂ. ಎದೆಹಾಲಿಗೆ ಇಳಿಯುವ ಕೆಫೀನ್ ತಾಯಿ ಕುಡಿದುದರ ಬಹಳ ಸಣ್ಣ ಭಾಗ, ಆದರೆ ಹುಟ್ಟಿದ ಹೊಸದರಲ್ಲಿ ಕೂಸಿನ ದೇಹದಿಂದ ಅದು ಅರ್ಧ ಹೋಗಲು ದಿನಗಳೇ ಬೇಕು, ಹಾಗಾಗಿ ಸ್ವಲ್ಪ ಸ್ವಲ್ಪವೇ ಕೂಡುತ್ತ ಹೋಗುತ್ತದೆ. ಕೂಸು ಕಾರಣವಿಲ್ಲದೆ ಚಡಪಡಿಸಿ ನಿದ್ದೆ ಮಾಡದಿದ್ದರೆ ಒಂದು ವಾರ ಚಹಾ ನಿಲ್ಲಿಸಿ ನೋಡಬಹುದು. ಹಾಲುಣಿಸಿದ ತಕ್ಷಣ ಚಹಾ ಕುಡಿದರೆ ಮುಂದಿನ ಹಾಲುಣಿಸುವ ಹೊತ್ತಿಗೆ ಪ್ರಮಾಣ ಸ್ವಲ್ಪ ಇಳಿದಿರುತ್ತದೆ. ದಿನ ತುಂಬುವ ಮೊದಲೇ ಹೆರಿಗೆಯಾದರೆ ಮಾತ್ರ ಬೇರೆ ಲೆಕ್ಕ: ಅಂಥ ಕೂಸುಗಳ ಉಸಿರು ನಡುನಡುವೆ ನಿಲ್ಲದಿರಲೆಂದು ಆಸ್ಪತ್ರೆಯಲ್ಲಿ ಕೆಫೀನನ್ನೇ ಔಷಧವಾಗಿ ಅಳತೆ ಮಾಡಿ ಕೊಡುತ್ತಾರೆ, ಆಗ ತಾಯಿ ದಿನಕ್ಕೆ ಎಷ್ಟು ಚಹಾ, ಕಾಫಿ ಕುಡಿಯುತ್ತಾಳೆ ಎಂಬುದನ್ನು ಮಕ್ಕಳ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.